ವೋನ್‌ವಾಗನ್ನಿನ ಜೀರ್ಣೋದ್ಧಾರ

ಹೆಂಡತಿ ತನ್ನನ್ನು ಏನೆಂದರೂ ಮಲ್ಲಿಕಾರ್ಜುನ ಸಹಿಸಿಕೊಂಡಾನು. ಆದರೆ ತಾನು ಹಠ ಹಿಡಿದು ಕೊಂಡ ಗಾಡಿಯನ್ನು ಅವಳು "ಡಬ್ಬಿ" ಎಂದಾಗ ಮಾತ್ರ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ದಿನಕ್ಕೆ ಎರಡು ಸಲವಾದರೂ ಉರಿಯುತ್ತಿತ್ತು.

ಮಾರ್ಕ್ ಹೋಗಿ ಯೂರೋ ಬಂದ ವರ್ಷ ಅದು. ಜರ್ಮನಿಯ ಗ್ರೀನ್ ಕಾರ್ಡ್ ಹಿಡಿದು ನ್ಯೂರೆಂಬರ್ಗಿಗೆ ಬಂದ ನಮ್ಮವರೆಲ್ಲ ಟಿವಿ, ಸೋಫಾ ಕೊಂಡರೆ, ಬಾಗಲಕೋಟೆಯ ಈ ಮಹಾನುಭಾವ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯನ್ನೇ ಕೊಂಡ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಬೊಗಸೆಯಷ್ಟು ಬೇಸಿನ್. ಜರ್ಮನರು ವೋನ್‌ವಾಗನ್ ಎನ್ನುವ ಈ ಮನೆಗೆ ಹೆಚ್ಚು ಕಡಿಮೆ ಇವನದೇ ವಯಸ್ಸು.

ಈಸ್ಟರ್ ರಜೆಯಲ್ಲಿ ಮೊದಲ ಸವಾರಿ ಹೊರಟಾಗ ಹೊರಗೆ ಜಡಿಮಳೆ. ಒಳಗೆ ಬಾಗಿಲು ಹಾಕಿಕೊಂಡು ಶ್ರೀದೇವಿ ಕುಕ್ಕರಿನಲ್ಲಿ ಅನ್ನಕ್ಕಿಟ್ಟಿದ್ದಳು. ಚಾವಣಿಯಿಂದ ಟಪ್ಪೆಂದು ಒಂದು ಹನಿ ಅವಳ ನೆತ್ತಿಯ ಮೇಲೆ ಬಿತ್ತು. (ಹೆಂಡತಿಯ ನೆತ್ತಿಯೇ ಆಗಬೇಕಿತ್ತೆ ಅದಕ್ಕೆ? ಗಂಡನ ನೆತ್ತಿ ಪಕ್ಕದಲ್ಲೇ ಬಿಡುವಾಗಿತ್ತು.)

"ಸೋರೂ ಡಬ್ಬಿ ತಂದ ನನ್ನ ಕೊರಳಿಗಿ ಕಟ್ಟೀರಿ!" ಎಂದಳು ಶ್ರೀದೇವಿ. "ಮುಂದಿನ ತಿಂಗಳ ಅಪ್ಪಾರು ಬರ್ತಾರ. ಅವರ ಮುಂದ ಒಂದ ಹನಿ ಬಿತ್ತಂದ್ರ ಇದನ್ನ ಬಾಜೂಮನಿ ಮುದುಕಗ ಕೊಟ್ಟ ಬಿಡೂದು. ಕೋಳಿ ಸಾಕಾಕ ಕೇಳ್ಯಾನ."

ಮಲ್ಲಿಕಾರ್ಜುನ ಹನಿ ಬಿದ್ದ ಜಾಗದ ಕೆಳಗೆ ಲೋಟ ಹಿಡಿದ. ಆಲ್ಪ್ಸ್ ಪರ್ವತ ನೋಡಬೇಕಾದ ಗಾಡಿ ಕೋಳಿಗೂಡಾಗುವುದೆ? ಅದರಲ್ಲೂ ಮಾವ ನಿಜಲಿಂಗಪ್ಪನವರು ಪಿಡಬ್ಲ್ಯೂಡಿಯಲ್ಲಿ ಎಂಜಿನಿಯರರಾಗಿ ನಿವೃತ್ತರಾದವರು. ಯಾರ ಮನೆಗೆ ಹೋದರೂ ಮನೆಯವರ ಮುಖ ನೋಡುವ ಮೊದಲು ಚಾವಣಿ ನೋಡುವ ಅಭ್ಯಾಸ.

ರಿಪೇರಿಯವರನ್ನು ಕರೆಸುವ ವಿಚಾರ ಅವನ ತಲೆಗೆ ಬರಲೇ ಇಲ್ಲ. ಆಫೀಸಿನಲ್ಲಿ ಕಂಡವರ ಪ್ರೋಗ್ರಾಮಿನ ತಪ್ಪುಗಳನ್ನೆಲ್ಲ ತಿದ್ದುವವನಿಗೆ ಒಂದು ತೂತು ಯಾವ ಲೆಕ್ಕ? ರಿಪೇರಿ ಸಾಮಾನು ಮಾರುವ ಬೌಮಾರ್ಕ್ಟಿಗೆ ಹೋಗಿ ತೋಳ ತುಂಬ ತೂತು ಮುಚ್ಚುವ ಸಿಲಿಕಾನ್ ಅಂಟಿನ ಟ್ಯೂಬು, ಅದನ್ನು ಒತ್ತುವ ಗನ್ನು ತಂದ. ಜೀರ್ಣೋದ್ಧಾರ ಸಮಿತಿಗೆ ಅವನೇ ಅಧ್ಯಕ್ಷ, ಅವನೇ ಕೂಲಿ. ಏಣಿ ಹಿಡಿಯುವುದು ಮಾತ್ರ ಶ್ರೀದೇವಿಯ ಪಾಲಿಗೆ ಬಂತು.

ತಗಡಿನ ಪ್ರತಿ ಕೂಡುಗೆರೆ, ಪ್ರತಿ ಸ್ಕ್ರೂ, ಕಿಟಕಿಯ ಪ್ರತಿ ಅಂಚಿಗೂ ಅಭಿಷೇಕವಾಯಿತು. ಚಾವಣಿಯ ಮೇಲೆ ಟೊಪ್ಪಿಗೆ ಹಾಕಿಕೊಂಡ ಎರಡು ಕಿಂಡಿ, ಬಾಗಿಲ ಬಳಿ ಸೀಳು ಸೀಳಾದ ಜಾಲರಿ ಕಂಡವು. ಅವನು ಒಂದು ಗಳಿಗೆ ಯೋಚಿಸಿದ. ತೂತು ಅಂದ ಮೇಲೆ ತೂತೇ. ಅವನ್ನೂ ಜಡಿದ.

"ಗಾಡಿ ಮ್ಯಾಲೆ ಮಸರ ಚೆಲ್ಲಿದಂಗ ಕಾಣ್ತೈತ್ರೀ," ಎಂದಳು ಅವಳು.

"ಕಾಣಲಿ. ಇನ್ನ ಇರುವಿ ಸೈತ ಒಳಗ ಹೋಗಂಗಿಲ್ಲ."

"ಮತ್ತ ನಾವು?"

"ಬಾಗಲಾ ಬಿಟ್ಟೇನಿ."

ಮಾವ ಬಂದಿಳಿದ ಮೊದಲ ಶನಿವಾರವೇ ಊರಾಚೆಯ ಕೆರೆಯ ದಂಡೆಯಲ್ಲಿ ಗಾಡಿ ಬೀಡುಬಿಟ್ಟಿತು. ಬೆಳಗಿನ ಚಳಿಗೆ ಮಾವನವರು ಮಫ್ಲರಿನೊಳಗೆ ಮುದುಡಿದ್ದರು. ಶ್ರೀದೇವಿ ಬಾಗಿಲು ಬಿಗಿಯಾಗಿ ಹಾಕಿ, ಒಂದು ಒಲೆಯ ಮೇಲೆ ಚಹಾ, ಇನ್ನೊಂದರ ಮೇಲೆ ಕುಕ್ಕರು ಏರಿಸಿದಳು. ಮಾವನವರು ವಾಡಿಕೆಯಂತೆ ಚಾವಣಿ ನೋಡಿದರು.

"ಅಳಿಯಂದ್ರ, ಛಲೋ ಸೀಲ್ ಮಾಡೀರಿ ನೋಡ್ರಿ," ಎಂದರು.

ಮದುವೆಯಾದಾಗಿನಿಂದ ಆ ಬಾಯಿಂದ ಬಂದ ಮೊದಲ ಹೊಗಳಿಕೆ! ಅದನ್ನು ಚಪ್ಪರಿಸುವಷ್ಟರಲ್ಲಿ ಟಪ್. ಮಾವನವರ ಚಹಾದ ಕಪ್ಪಿನಲ್ಲೇ. ಇನ್ನೊಂದು ಅವರ ಕನ್ನಡಕದ ಮೇಲೆ. ಆಮೇಲೆ ಎಣಿಸುವ ಗೋಜೇ ಉಳಿಯಲಿಲ್ಲ, ಚಾವಣಿಯುದ್ದಕ್ಕೂ ಹನಿಗಳು ಉದುರತೊಡಗಿದವು. ಶ್ರೀದೇವಿ ಗಂಡನ ಮುಖ ನೋಡಿದಳು. ಅವನಿಗೆ ಕೋಳಿಗಳ ಕೊಕ್ಕೊಕ್ಕೋ ಸ್ಪಷ್ಟವಾಗಿ ಕೇಳಿಸಿತು.

ಮಾವನವರು ಕನ್ನಡಕ ಒರೆಸಿಕೊಂಡು ಕಿಟಕಿಯಿಂದ ಹೊರಗೆ ನೋಡಿದರು. ಕೆರೆಯ ಮೇಲೆ ಝಗಝಗ ಬಿಸಿಲು.

"ಮಳಿ ಎಲ್ಲೈತ್ರಿ, ಅಳಿಯಂದ್ರ?"

ಅದೇ ಹೊತ್ತಿಗೆ ಕುಕ್ಕರು ಉದ್ದಕ್ಕೆ ಸೀಟಿ ಹೊಡೆಯಿತು. ಉಗಿ ಬುಸ್ಸೆಂದು ಮೇಲೇರಿ, ತಣ್ಣನೆಯ ಚಾವಣಿಗೆ ತಾಗಿ, ಎಲ್ಲರ ಕಣ್ಣೆದುರೇ ಹನಿಯಾಗಿ ಇಳಿಯಿತು.

"ಮಾವಾರ, ಸೋರಾಕತ್ತಿಲ್ರೀ ಇದು! ಅನ್ನದ ಉಗಿ! ಅವತ್ತೂ ಇದ ಆಗಿತ್ತು!" ಎಂದು ಮಲ್ಲಿಕಾರ್ಜುನ ಕುಣಿದೇಬಿಟ್ಟ.

"ಉಗಿ ಹೊರಗ ಹೋಗಾಕ ಕಿಂಡಿ ಎಲ್ಲದಾವು?"

ಅವನು ಹೆಮ್ಮೆಯಿಂದಲೇ ಬೆರಳು ತೋರಿಸಿದ. ಮಾವನವರು ಕೂಗಿದ ಕೂಗಿಗೆ ಕೆರೆಯ ಬಾತುಕೋಳಿಗಳು ಹಾರಿದವು. "ಒಲಿ ಆರಸವ್ವಾ! ಬಾಗಲಾ ತಗಿ! ಗ್ಯಾಸ್ ಹಚ್ಚಿ ಗಾಳಿಕಿಂಡಿ ಮುಚ್ಯಾನ ಪುಣ್ಯಾತ್ಮ! ಇನ್ನೊಂದೀಟ ತಡಾ ಆಗಿದ್ರ ನಮ್ಮ ಮೂರೂ ಮಂದೀನ ಹೊತ್ತಕೊಂಡ ಹೋಗಬೇಕಾಗ್ತಿತ್ತು!"

ಬಾಗಿಲು ತೆರೆದು ಮೂವರೂ ಹೊರಗೆ ಬಂದು ಗಾಳಿ ಕುಡಿದರು. ಒಲೆಯೂ ದಂಡೆಗೆ ಬಂತು. ಮಲ್ಲಿಕಾರ್ಜುನ ಚಾಕು ಹಿಡಿದು ಏಣಿ ಏರಿ, ತಾನೇ ಜಡಿದ ಸಿಲಿಕಾನನ್ನು ತಾನೇ ಕೆರೆದು ತೆಗೆಯಲು ಕೂತ. ಮಧ್ಯಾಹ್ನ ಕಿಂಡಿಗಳೆಲ್ಲ ಬಾಯಿಬಿಡುವ ಹೊತ್ತಿಗೆ ಮೋಡ ಕವಿದು ಧೋ ಎಂದು ಮಳೆ ಸುರಿಯಿತು. ತಂದೆ ಮಗಳು ಒಳಗೆ ಓಡಿದರು. ಅವನು ಏಣಿಯ ಮೇಲಿಂದಲೇ ಜೀವ ಕೈಯಲ್ಲಿ ಹಿಡಿದು ಕೂಗಿದ.

"ಶ್ರೀದೇವಿ, ಸೋರ್ತೈತೇನ?"

ಒಳಗೆ ಮಾವನವರು ಮೂಲೆ ಮೂಲೆ ಬಡಿದು ನೋಡುತ್ತಿದ್ದರು.

"ಇಲ್ರೀ! ಒಂದ ಹನೀನೂ ಇಲ್ಲ! ಯಾರಿಗೂ ಕೊಡೂದ ಬ್ಯಾಡ. ಬ್ಯಾಸಗಿಗಿ ಆಲ್ಪ್ಸಿಗಿ ಹೋಗೂನು!"

ಅಬ್ಬಾ! ಅವನ ಎದೆಯ ಮೇಲಿನ ಬಂಡೆ ಜಾರಿಬಿದ್ದಂತಾಯಿತು. ಕೂದಲಿಂದ, ಮೂಗಿಂದ, ಅಂಗಿಯ ತೋಳಿಂದ ನೀರು ಇಳಿಯುತ್ತಿದ್ದರೂ ನಗುತ್ತ ಏಣಿಯಿಳಿದು, ಬಂದು ತನ್ನ ಮನೆಯ ಮೆಟ್ಟಿಲ ಮೇಲೆ ಕಾಲಿಟ್ಟ.

"ಅಲ್ಲೇ ನಿಂದರ್ರಿ!" ಎಂದಳು ಶ್ರೀದೇವಿ. "ಗಾಡಿ ಸೋರಾಕತ್ತಿಲ್ಲ, ನೀವ ಸೋರಾಕತ್ತೀರಿ," ಎಂದು ಬಾಗಿಲು ಹಾಕಿಕೊಂಡಳು.