ಮೇಷ್ಟ್ರ ಗಾಳಿ ಹಾಸಿಗೆ

"ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಹಳೇ ಕಾಲದ ಮಾತು ಕಣೇ. ಚಾಚಿದ ಕಾಲಿಗೆ ತಕ್ಕ ಹಾಸಿಗೆ ಹುಡುಕೋದು ವಿಜ್ಞಾನ!"

ಅರಸೀಕೆರೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ಲಕ್ಷ್ಮೀಶ ಹೀಗೆ ಘೋಷಿಸಿದಾಗ ಹೆಂಡತಿ ಮಾಲಿನಿ ಹುರುಳಿಕಾಯಿ ಸೋಸುತ್ತಿದ್ದಳು. ಶನಿವಾರ ಹೊಸ ಕಾರಿನಲ್ಲಿ ಹಳೇಬೀಡಿಗೆ ಹೋಗುವುದು, ಸ್ಕೂಲಿನ ಇನ್ನೊಬ್ಬ ಮೇಷ್ಟ್ರು ವರ್ಧಮಾನ್ ಅವರ ತೆಂಗಿನ ತೋಟದಲ್ಲಿ ಕಾರು ನಿಲ್ಲಿಸುವುದು, ಹಿಂದಿನ ಸೀಟು ಮಡಚಿ ಅಲ್ಲೇ ಮಲಗುವುದು, ಇದು ಯೋಜನೆ. ಇದಕ್ಕೆ ಕಾರ್ ಕ್ಯಾಂಪಿಂಗ್ ಎಂದು ಹೆಸರು.

"ಯಾರಿಗೂ ಬಾಯಿ ಬಿಡಬೇಡ. ಕಣಕಟ್ಟೆ ರುದ್ರಮ್ಮತ್ತೆಗೆ ಗೊತ್ತಾದ್ರೆ ಕಾರಲ್ಲಿ ಅವರು ಮಲಗ್ತಾರೆ, ನಾವು ಬಸ್ಸಲ್ಲಿ ಹೋಗಬೇಕಾಗುತ್ತೆ!"

"ನಾನ್ಯಾಕೆ ಹೇಳಲಿ? ನಂಗೆ ಬೇಕಾಗಿರೋದು ಒಂದೇ ಒಂದು ಒಳ್ಳೆ ನಿದ್ದೆ ಕಣ್ರೀ," ಎಂದಳು ಮಾಲಿನಿ.

ಅದು ನಿಜವೇ. ಬೆಳಗಾದರೆ ಒಲೆ, ಆಮೇಲೆ ಪೋಸ್ಟ್ ಆಫೀಸು, ಸಂಜೆ ಮತ್ತೆ ಒಲೆ. ಸೊಂಟನೋವಿನಿಂದ ಅವಳು ಹೊರಳಾಡುವುದನ್ನು ನೋಡಿ ನೋಡಿ ಲಕ್ಷ್ಮೀಶನ ಕರುಳು ಚುರ್ ಎಂದಿತ್ತು. ಶನಿವಾರ ಒಲೆ ಹಚ್ಚಿಸುವುದಿಲ್ಲ, ಹೂವಿನ ಹಾಗೆ ನಿದ್ದೆ ಮಾಡಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಹಾಗಾಗಿ ಇಡೀ ಯೋಜನೆಯ ಭಾರ ಈಗ ಹಾಸಿಗೆಯ ಮೇಲೆ ಬಿದ್ದಿತ್ತು.

"ಅಟ್ಟದ ಮೇಲೆ ಹತ್ತಿ ಹಾಸಿಗೆ ಇದೆಯಲ್ರೀ. ಕೆಳಗೆ ಒಂದು ಜಮಖಾನ ಹಾಕಿದ್ರೆ ಆಯ್ತು."

"ಮಧ್ಯದಲ್ಲಿ ಗುಂಡಿ ಬಿದ್ದಿದೆ. ಅದು ಹಾಸಿಗೆಯಲ್ಲ, ಕೆರೆ! ಹಳೇಬೀಡಿನಲ್ಲಿ ಆಗಲೇ ಒಂದು ಕೆರೆ ಇದೆ."

ಮೊದಲು ಸುರುಳಿ ಸುತ್ತಿದ ಫೋಮ್ ಹಾಸಿಗೆ ಬಂತು. ಕಾರಿನಲ್ಲಿ ಹಾಸಿ ಮಲಗಿದರೆ, ಮಡಚಿದ ಸೀಟಿನ ಏಣು ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಹೆಸರು ಹಿಡಿದು ಹಾಜರಿ ಕರೆಯಿತು. ತಿರಸ್ಕೃತ! ಎರಡನೆಯದು ತಾನೇ ಉಸಿರೆಳೆದುಕೊಂಡು ಉಬ್ಬುವ ಹಾಸಿಗೆ. ಉಬ್ಬಿತೇನೋ ಸರಿ, ಆದರೆ ಬಟ್ಟೆ ಎಷ್ಟು ನುಣುಪೆಂದರೆ, ಇಳಿಜಾರಿನಲ್ಲಿ ನಿಂತ ಕಾರಿನಿಂದ ಲಕ್ಷ್ಮೀಶ ಹಾಸಿಗೆ ಸಮೇತ ಜಾರಿ ತುಳಸಿಕಟ್ಟೆಯ ಪಕ್ಕ ಬಂದು ಇಳಿದ. "ಬನ್ನಿ, ಕಾಫಿ ಕುಡೀತೀರಾ?" ಎಂದು ಮಾಲಿನಿ ನೆಂಟರನ್ನು ಕೇಳುವ ಹಾಗೆ ಕೇಳಿದಳು.

ಮೂರನೆಯದೇ ಗಾಳಿ ಹಾಸಿಗೆ! ಬುರ್ರೆನ್ನುವ ಪಂಪು, ಮೊಣಕಾಲೆತ್ತರದ ಮೆತ್ತೆ, ಮೇಲೆ ಮಖಮಲ್ಲು. ಶುಕ್ರವಾರ ಲಕ್ಷ್ಮೀಶ ರಜೆ ಹಾಕಿದ. ಮಾಲಿನಿ ಕೆಲಸಕ್ಕೆ ಹೋದ ಮೇಲೆ ಅದನ್ನು ವರಾಂಡದಲ್ಲಿ ಹಾಸಿ ಅಂತಿಮ ಪ್ರಯೋಗಕ್ಕೆ ಇಳಿದ. ನಿಯಮಗಳು ಕಠಿಣ: ಅಂಗಾತ ಮಲಗಬೇಕು, ಕೈಕಾಲು ಅಲುಗಿಸಬಾರದು, ಮಾತಾಡಬಾರದು. ಬಿಸಿಲಿನ ಝಳಕ್ಕೆ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡ.

ಇಲ್ಲೇ ಎಡವಟ್ಟಾಯಿತು. ನಮ್ಮ ಕಡೆ ಹಗಲು ಹೊತ್ತಿನಲ್ಲಿ ವರಾಂಡದಲ್ಲಿ ಹಾಸಿಗೆ ಹಾಸುವುದು ಒಂದೇ ಕಾರಣಕ್ಕೆ. ಇನ್ನು ಪಂಪು ಹಾಕಿ ಗಾಳಿ ತುಂಬುವ ಹಾಸಿಗೆಯನ್ನು ಊರಿನ ಜನ ನೋಡಿರುವುದು ಮೆಡಿಕಲ್ ಶಾಪಿನಲ್ಲಿ ಮಾತ್ರ. ಎದ್ದು ಓಡಾಡಲಾಗದ ರೋಗಿಗೆ ಬೆನ್ನು ಹುಣ್ಣಾಗದಿರಲಿ ಎಂದು ಡಾಕ್ಟರು ಬರೆದುಕೊಡುವ ಹಾಸಿಗೆ ಅದು. ಪಕ್ಕದ ಮನೆಯ ಉಷಾರಾಣಿಯ ಮಾವ ಕಡೆಯ ದಿನಗಳನ್ನು ಕಳೆದದ್ದು ಅಂಥದರ ಮೇಲೆಯೇ. ಬುರ್ರೆಂಬ ಸದ್ದು ಕೇಳಿ ಕಾಂಪೌಂಡಿನ ಮೇಲಿಂದ ಇಣುಕಿದ ಆಕೆಯ ಎದೆ ಧಸಕ್ಕೆಂದಿತು.

"ಮೇಷ್ಟ್ರೇ... ಏನಾಯ್ತು ಮೇಷ್ಟ್ರೇ?"

ಮಾತಾಡಿದರೆ ಪ್ರಯೋಗ ಕೆಡುತ್ತದಲ್ಲ! ಲಕ್ಷ್ಮೀಶ ಕಣ್ಣು ತೆರೆಯದೆ, ಏನಿಲ್ಲ ಎನ್ನುವಂತೆ ಬಲಗೈಯನ್ನಷ್ಟೇ ಚೂರು ಎತ್ತಿ, ಹಾಗೇ ಬಿಟ್ಟ. ಕೈ ಸೊರಗಿದ ಬಳ್ಳಿಯಂತೆ ಕೆಳಗೆ ಬಿತ್ತು. ಆಮೇಲೆ ಹಾಸಿಗೆ ತನ್ನ ಗುಣ ತೋರಿಸಿತು. ಅವನಿಗೆ ಗಾಢ ನಿದ್ದೆ ಹತ್ತಿತು.

ಕಣ್ಣು ಬಿಟ್ಟಾಗ ಸಂಜೆಯಾಗಿತ್ತು. ಸುತ್ತ ಮುಖಗಳೋ ಮುಖಗಳು! ತಲೆಯ ಬಳಿ ಬ್ರೆಡ್ಡು, ಕಿತ್ತಳೆ, ಒಂದು ಗೊನೆ ಎಳನೀರು. ಬಾಣಾವರದಿಂದ ರೈಲು ಹತ್ತಿ ಬಂದ ಚಿಕ್ಕಪ್ಪ ದ್ಯಾವಯ್ಯ ಅವನ ಪಾದ ಒತ್ತುತ್ತಿದ್ದ. ಬದಿಯಲ್ಲಿ ಕೂತ ಮಾಲಿನಿಯ ಕಣ್ಣು ಕೆಂಡವಾಗಿತ್ತು, ಅತ್ತದ್ದಕ್ಕೋ ಸಿಟ್ಟಿಗೋ ತಿಳಿಯಲಿಲ್ಲ.

"ಕಣ್ ಬಿಟ್ಟ! ನಮ್ ಹುಡ್ಗ ಕಣ್ ಬಿಟ್ಟ!" ಎಂದು ಕೂಗಿದವಳು ಸಾಕ್ಷಾತ್ ರುದ್ರಮ್ಮತ್ತೆ.

ಲಕ್ಷ್ಮೀಶ ಧಡಕ್ಕನೆ ಎದ್ದು ಕೂತ. "ಯಾಕೆ ಎಲ್ಲಾ ಬಂದಿದ್ದೀರಾ? ಯಾರಿಗೆ ಏನಾಯ್ತು?"

"ಏನಾಯ್ತಾ?" ಮಾಲಿನಿ ಸಿಡಿದಳು. "ಉಷಾರಾಣಿ ಫೋನ್ ಮಾಡಿ, ಬೇಗ ಬನ್ನಿ, ಮೇಷ್ಟ್ರಿಗೆ ಮಾತೇ ನಿಂತೋಗಿದೆ ಅಂದ್ರು. ಚಪ್ಪಲಿ ಬಿಟ್ಟು ಓಡ್ಬಂದೆ ಕಣ್ರೀ! ಡಾಕ್ಟ್ರು ಬಂದು ನೋಡಿ, ನಿದ್ದೆ ಮಾಡ್ತಾ ಇದಾರೆ, ಗೊರಕೆ ಚೆನ್ನಾಗಿದೆ ಅಂತ ಹೇಳಿ ಹೋದ್ರು. ಅಷ್ಟರಲ್ಲಿ ಸುದ್ದಿ ಊರೂರಿಗೆ ಹೋಗಿತ್ತು, ಬಂದವರು ಯಾರೂ ಡಾಕ್ಟ್ರ ಮಾತು ನಂಬ್ಲಿಲ್ಲ!"

ಅವಳ ಬರಿಗಾಲು ನೋಡಿ ಲಕ್ಷ್ಮೀಶನಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಎಲ್ಲವನ್ನೂ ಹೇಳಿದ. ಕಾರು, ಹಳೇಬೀಡು, ಹಾಸಿಗೆ, ಪ್ರಯೋಗ.

"ಅಲ್ಲಾ ಕಣ್ಲಾ," ಎಂದ ದ್ಯಾವಯ್ಯ, "ಮನೆ ಒಳಗೆ ಮಂಚ ಐತೆ. ಅದನ್ನ ಬಿಟ್ಟು ಕಾರೊಳಗೆ ಮಲಗಾಕೆ ಇಷ್ಟೆಲ್ಲಾ ರಾದ್ಧಾಂತನಾ?"

"ಅದಿರ್ಲಿ," ಎಂದಳು ರುದ್ರಮ್ಮತ್ತೆ. "ಬಸ್ ಹತ್ತೋವಾಗ ಅಮ್ಮನ ಗುಡಿ ಕಡೆ ಕೈ ಮುಗ್ದು ಹರಕೆ ಹೊತ್ಕಂಡಿವ್ನಿ. ನಮ್ ಹುಡ್ಗ ಎದ್ ಕೂತ್ರೆ ನಾಳೆನೇ ಗುಡಿ ಸುತ್ತ ಉರುಳು ಸೇವೆ ಮಾಡಿಸ್ತೀನಿ ಅಂತ."

"ಅತ್ತೆ, ನಂಗೆ ಕಾಯಿಲೆನೇ ಇರಲಿಲ್ಲ!"

"ನಾನ್ ಬರೋಗಂಟ ಮಲಗಿದ್ದೆ ತಾನೆ?"

"ಹೌದು, ಆದ್ರೆ..."

"ಹರಕೆ ಹೊತ್ ಮೇಲೆ ಎದ್ ಕೂತೆ ತಾನೆ?"

ಈ ತರ್ಕಕ್ಕೆ ಉತ್ತರ ಯಾವ ಪಠ್ಯಪುಸ್ತಕದಲ್ಲಿದೆ? ವಿಜ್ಞಾನದ ಮೇಷ್ಟ್ರು ಕಡೆಯ ಆಸೆಯಿಂದ ಹೆಂಡತಿಯ ಕಡೆ ನೋಡಿದ.

"ಅತ್ತೆ ಹೇಳೋದು ಸರಿ ಕಣ್ರೀ. ಹರಕೆ ಬಾಕಿ ಇಟ್ಕೋಬಾರ್ದು," ಎಂದವಳೇ ಮಾಲಿನಿ ಅಷ್ಟೂ ಜನಕ್ಕೆ ಮುದ್ದೆ ತೊಳಸಲು ಒಳಗೆ ಹೋದಳು. ಆ ರಾತ್ರಿ ಪಾತ್ರೆಯೆಲ್ಲ ತೊಳೆದದ್ದು ಲಕ್ಷ್ಮೀಶ.

ಶನಿವಾರ ಬೆಳಿಗ್ಗೆ ಕಾರು ಹೊರಟದ್ದು ಹಳೇಬೀಡಿಗಲ್ಲ, ಕಣಕಟ್ಟೆಗೆ. ಹಾಸಿಗೆ ಬಿಟ್ಟು ಹೋದರೆ ಚಿಕ್ಕಪ್ಪ ಅದನ್ನು ಬಾಣಾವರಕ್ಕೆ ಸಾಗಿಸಿಬಿಟ್ಟಾನೆಂದು ಲಕ್ಷ್ಮೀಶ ಅದನ್ನೂ ಕಾರಿಗೆ ಹೇರಿದ್ದ. ಗುಡಿಯ ಮುಂದೆ ಬೇವಿನ ಮರದ ನೆರಳಲ್ಲಿ ಕಾರು ನಿಂತಿತು. "ರಾತ್ರಿಯೆಲ್ಲಾ ಸೊಂಟ ಹಿಡ್ಕೊಂಡಿತ್ತು. ಐದು ನಿಮಿಷ ಅಡ್ಡಾಗ್ತೀನಿ, ಪಂಪು ಹಾಕ್ಕೊಡಿ. ನೀವು ಉರುಳ್ತಾ ಇರಿ," ಎಂದಳು ಮಾಲಿನಿ.

ಲಕ್ಷ್ಮೀಶ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಉರುಳತೊಡಗಿದ. ಅಯ್ಯೋ, ಆ ನೆಲವೇ! ಒಡೆದ ತೆಂಗಿನಕಾಯಿಯ ಕರಟದ ಚೂರುಗಳು ಪಕ್ಕೆಗೆ ಚುಚ್ಚಿದವು. ಕಲ್ಲುಗಳು ಸೊಂಟಕ್ಕೆ ಒತ್ತಿದವು. ಫೋಮ್ ಹಾಸಿಗೆಗೆ ಬೈದದ್ದಕ್ಕೆ ಅವನು ಮನಸ್ಸಿನಲ್ಲೇ ಕ್ಷಮೆ ಕೇಳಿದ. "ಬಲಕ್ ಉರುಳ್ಲಾ, ಚಪ್ಪಡಿಗೆ ತಲೆ ಬಡ್ದೀಯ!" ಎಂದು ರುದ್ರಮ್ಮತ್ತೆ ಪಕ್ಕದಲ್ಲೇ ನಡೆಯುತ್ತಾ ದಾರಿ ತೋರಿಸಿದಳು.

ಸುತ್ತು ಮುಗಿಸಿ ಕಾರಿನ ಮುಂದೆ ಬಂದು ನಿಂತಾಗ ಹಿಂದಿನ ಬಾಗಿಲು ತೆರೆದಿತ್ತು. ಒಳಗೆ ಮಾಲಿನಿ ಕೈಕಾಲು ಚಾಚಿ, ಬಾಯಿ ಚೂರು ತೆರೆದು ಮಲಗಿದ್ದಳು. ಹಣೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಮೈಯೆಲ್ಲ ಮಣ್ಣಾಗಿದ್ದ ಲಕ್ಷ್ಮೀಶನಿಗೆ ಯಾಕೋ ತುಂಬ ಸಂತೋಷವಾಯಿತು. ಗಂಟೆ ಬಾರಿಸಲು ಹೋದ ಪೂಜಾರಿಯನ್ನು ಅವನೇ ಕೈಸನ್ನೆ ಮಾಡಿ ತಡೆದ.

ಮಾಲಿನಿ ಎದ್ದದ್ದು ಮಧ್ಯಾಹ್ನಕ್ಕೆ. ಮೈಮುರಿದು ಗಂಡನನ್ನು ನೋಡಿ ನಕ್ಕಳು. "ಎಂಥಾ ಹಾಸಿಗೆ ಕಣ್ರೀ! ನೀವು ಆರಿಸಿದ್ದು ಅಂದ್ರೆ ನಂಬಕ್ಕೇ ಆಗಲ್ಲ. ಮುಂದಿನ ಶನಿವಾರ ಹಳೇಬೀಡಿಗೆ ಹೋಗೇ ಹೋಗೋಣ."

ಲಕ್ಷ್ಮೀಶನ ಎದೆ ಹಾಸಿಗೆಗಿಂತ ಹೆಚ್ಚು ಉಬ್ಬಿತು. "ನಾನ್ ಹೇಳಲಿಲ್ವಾ? ವಿಜ್ಞಾನ ಕಣೇ!"

"ಆದ್ರೆ ಇದ್ರಲ್ಲಿ ಇಬ್ರು ಮಲಗಿದ್ರೆ ಇಕ್ಕಟ್ಟಾಗುತ್ತೆ," ಎಂದಳು ಮಾಲಿನಿ, ಮತ್ತೆ ದಿಂಬಿಗೆ ತಲೆಯಿಡುತ್ತಾ. "ಪರವಾಗಿಲ್ಲ ಬಿಡಿ, ನಿಮಗೀಗ ನೆಲ ಅಭ್ಯಾಸ ಆಯ್ತಲ್ಲ!"