ಪುಲಕೇಶಿ ಮಾಮಾನ ಕನ್ನಡ

ನಮ್ಮ ಮಾಮಾ ಉಪ್ಪಿನಕಾಯಿ ಕೇಳಿದರೂ ಕೈ ಸೊಂಟದ ಕತ್ತಿಗೆ ಹೋಗುತ್ತಿತ್ತು. ಸೊಂಟದಲ್ಲಿ ಕತ್ತಿ ಇರುತ್ತಿರಲಿಲ್ಲ, ಆ ಮಾತು ಬೇರೆ! "ಎಲೈ ಬಾಲೆ, ಉಪ್ಪಿನಕಾಯಿಯನ್ನು ನಮ್ಮ ಸನ್ನಿಧಿಗೆ ತರುವಂಥವಳಾಗು!" ನಾನು ಬಡಿಸಬೇಕೋ, ಕಪ್ಪ ಒಪ್ಪಿಸಬೇಕೋ, ನೀವೇ ಹೇಳಿ.

ಮಾಮಾ ಎಂದರೆ ನಮ್ಮ ಸೋದರತ್ತೆಯ ಗಂಡ. ವಿಶಾಖಪಟ್ಟಣದ ಪೆಂಡುರ್ತಿಯ ಅಪ್ಪಟ ತೆಲುಗಿನವರು, ಬ್ಯಾಂಕಿನ ಗುಮಾಸ್ತರು. ಎಂಬತ್ತರ ದಶಕದಲ್ಲಿ ಧಾರವಾಡದಿಂದ ಅದೇ ಬ್ಯಾಂಕಿಗೆ ವರ್ಗವಾಗಿ ಹೋದ ಅತ್ತೆಯನ್ನು ಮೆಚ್ಚಿ ಮದುವೆಯಾದರು. ಅಜ್ಜಿ ಕೆಂಡಾಮಂಡಲ! "ಕನ್ನಡ ಬರದವನ ಜೋಡಿ ನಾ ಏನ್ ಮಾತಾಡ್ಲಿ?" ಅಂದವಳು ವರ್ಷಗಟ್ಟಲೆ ಮಾತಾಡಲೇ ಇಲ್ಲ.

ಮಾಮಾ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಅತ್ತೆಯೇ ಕಲಿಸಬಹುದಿತ್ತಲ್ಲ ಅಂತೀರಾ? ಆಕೆಗೆ ಜಗಳವಾಡಲಿಕ್ಕೂ ತೆಲುಗೇ ಸಲೀಸಾಗಿಬಿಟ್ಟಿತ್ತು! ಅಷ್ಟರಲ್ಲಿ ಅಲ್ಲಿಯ ಕನ್ನಡ ಸಂಘದವರು ಇಮ್ಮಡಿ ಪುಲಕೇಶಿಯ ಏಕಪಾತ್ರಾಭಿನಯಕ್ಕೆ ಆಳು ಹುಡುಕುತ್ತಿದ್ದರು. ಸಂಘದ ಕನ್ನಡಿಗರೆಲ್ಲ ಗಿಡ್ಡ. ಮಾಮಾ ಆರಡಿ, ಮೇಲೆ ಸ್ವಂತ ಮೀಸೆ! ಮಾತನ್ನೆಲ್ಲ ತೆಲುಗು ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಹೊಡೆದರು. ಪುಲಕೇಶಿ ಆಯಿತು, ಮಯೂರವರ್ಮ ಆಯಿತು, ಕೃಷ್ಣದೇವರಾಯನೂ ಆಯಿತು. ಹೀಗಾಗಿ ರಾಜರಿಗೆ ಎಷ್ಟು ಬೇಕೋ ಅಷ್ಟೇ ಕನ್ನಡ ಬಂತು. ಹಲ್ಲು ನೋಯುತ್ತಿದ್ದರೆ, "ನಮ್ಮ ದಂತಸೇನೆಯಲ್ಲಿ ಒಬ್ಬ ದಂಗೆಯೆದ್ದಿದ್ದಾನೆ" ಎನ್ನುತ್ತಿದ್ದರು.

ಆಮೇಲೆ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾಗಿ, ಅಜ್ಜಿಯೂ ನಮ್ಮ ಜೊತೆ ಬಂದಳು. ಒಮ್ಮೆ ಅತ್ತೆಯ ಜೊತೆ ನಮ್ಮಲ್ಲಿಗೆ ಬಂದಿದ್ದ ಮಾಮಾ ಸಂತೆಯಿಂದ ಚೀಲದ ತುಂಬ ಬದನೆಕಾಯಿ ಹೊತ್ತು ತಂದು, "ಮಾತೆಯೇ, ವೈರಿಗಳನ್ನು ಸದೆಬಡಿದು ಬಂದಿದ್ದೇವೆ!" ಎಂದು ಅಜ್ಜಿಯ ಮುಂದೆ ನಿಂತರು. ಅಜ್ಜಿ ನನ್ನ ಕಡೆ ತಿರುಗಿ, "ಬದನೀಕಾಯಿ ಒಳಗ ಇಡ್ರಿ ಅಂತ ಅವರಿಗೆ ಹೇಳವಾ" ಅಂದಳು. ಮಾಮಾನ ಮುಖ ಇಷ್ಟಗಲ ಇದ್ದದ್ದು ಇಷ್ಟಾಯಿತು. "ಅವ್ವನ ಜೋಡಿ ಮಾತಾಡಬೇಕಂತನ ಇಷ್ಟೆಲ್ಲಾ ಕಲ್ತಾರ, ಆಕಿಗಿ ತಿಳಿಯೂದಿಲ್ಲ," ಎಂದು ಅತ್ತೆ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಂಡಳು.

ಆ ವರ್ಷ ರಾಜ್ಯೋತ್ಸವಕ್ಕೆ ವಿಜಯವಾಡದಲ್ಲೇ ಪುಲಕೇಶಿ. ವೇಷ ಮನೆಯಲ್ಲೇ ಹಾಕಿಕೊಂಡು ಆಟೋ ಹತ್ತಿದೆವು. ಕಿರೀಟ ಹಿಡಿಸದೆ ಚಕ್ರವರ್ತಿಯ ತಲೆ ಹೊರಗೇ ಉಳಿಯಿತು! ಆಟೋದವನು ಹೆದರಿ, "ರಾಜುಗಾರೂ, ತಲ ಲೋಪಲ ಪೆಟ್ಟಂಡಿ!" ಎಂದು ಗೋಗರೆದ. ತಲೆ ಒಳಗಿಡುವುದೇ? "ಚಾಲುಕ್ಯರು ತಲೆ ತಗ್ಗಿಸುವವರಲ್ಲ!" ದಾರಿಯುದ್ದಕ್ಕೂ ಜನ ಕೈಮುಗಿದರು. ಯಾವ ದೇವರೆಂದುಕೊಂಡರೋ, ಆ ದೇವರೇ ಬಲ್ಲ.

ವೇದಿಕೆಯ ಮೇಲೆ ಮಾಮಾ, "ಈ ವೆಂಗಿನಾಡೆಲ್ಲ ನನ್ನದು!" ಎಂದು ತಮ್ಮ ತೆಲುಗು ಸೀಮೆಯನ್ನೇ ಕನ್ನಡದಲ್ಲಿ ಗೆದ್ದರು. ಚಪ್ಪಾಳೆಯೋ ಚಪ್ಪಾಳೆ! ಆಗ ಮುಂದಿನ ಸಾಲಿನಲ್ಲಿ ಅಜ್ಜಿ ಕಣ್ಣಿಗೆ ಬಿದ್ದಳು. ಅಪ್ಪ ಹೇಗೋ ಒಪ್ಪಿಸಿ ಕರೆತಂದಿದ್ದ. ಅಷ್ಟೇ, ಮಾಮಾನ ಬಾಯಿ ಕಟ್ಟಿತು. ಎತ್ತಿದ ಕತ್ತಿ ಎತ್ತಿದಂತೆಯೇ ನಿಂತಿತು. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ನನಗಂತೂ ಅಳುವೇ ಬಂತು.

ಅಜ್ಜಿ ಎದ್ದು ನಿಂತಳು. ಮೊದಲು ಹಿಂದೆ ತಿರುಗಿ, "ಯಾಂವಲೇ ಅಂವ? ಬಾಯಿ ಮುಚ್ಚಿ ಕೂಡು!" ಎಂದು ಗದರಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ವೇದಿಕೆಯ ಕಡೆ ನೋಡಿದಳು.

"ಅಳಿಯಂದ್ರ, ಗಾಬರಿ ಆಗಬ್ಯಾಡ್ರಿ. ನಿಮಗ ನೆನಪಾಗೂತನಕ ನಾವು ಇಲ್ಲೇ ಕುಂತಿರತೀವಿ."

ಮಾಮಾ ಕತ್ತಿ ಕೆಳಗಿಳಿಸಿದರು. ಗಲ್ಲದ ಬಣ್ಣವೆಲ್ಲ ನೀರಾಗಿ ಇಳಿಯುತ್ತಿತ್ತು. ಅತ್ತೆ ಕರೆಯುವ ಹಾಗೆಯೇ, ಮೆಲ್ಲಗೆ, "ಹೂಂ, ಅವ್ವಾ" ಅಂದರು.