ಕಾಪು ಮಾರ್ಕೆಟಿನಲ್ಲಿ ಪೊಲೀಸರಿಗೆ ಬೈದವರು ಯಾರು?

ಮಣಿಪಾಲದ ಒಂದು ಕಾಲೇಜಿನಲ್ಲಿ ಮಾತಿನ ಸದ್ದುಗಳ ಬಗ್ಗೆ ಪಾಠ ಮಾಡುವವಳು ನಾನು. ರೆಕಾರ್ಡಿಂಗಿನಲ್ಲಿ ಯಾರು ಎಂತ ಹೇಳಿದರು ಎಂದು ಸಂಶಯ ಬಂದರೆ ಪೊಲೀಸರು ಪೆನ್‌ಡ್ರೈವ್ ಹಿಡಿದುಕೊಂಡು ನನ್ನಲ್ಲಿಗೆ ಬರುತ್ತಾರೆ. ಕಿವಿ ಅವರಿಗೂ ಉಂಟು, ಆದರೆ ಸಹಿ ಹಾಕಲಿಕ್ಕೆ ಡಾಕ್ಟರೇಟ್ ಇರುವ ಕಿವಿಯೇ ಬೇಕಂತೆ. ಆ ಕಿವಿಯಿಂದ ನನ್ನ ಮಾನ ಹೋಗುವುದು ಈಗ ಅಭ್ಯಾಸವಾಗಿದೆ.

ಬಾಯಿಬಿಟ್ಟ ಪಂಪು

ಕಾರ್ಕಳ ಕಡೆಯ ಒಬ್ಬ ಎಸ್‌ಐ ಮೊದಲ ಸಲ ಬಂದಾಗ ಪೆನ್‌ಡ್ರೈವ್ ಜೊತೆ ಒಂದು ಕಾಗದವನ್ನೂ ಕೊಟ್ಟರು. "ಅದರಲ್ಲಿರುವ ಮಾತು ಇದೇ ಮೇಡಂ. ಹೌದೋ ಅಲ್ಲವೋ ಹೇಳಿ."

ಕಾಗದ ಓದಿ ಹೆಡ್‌ಫೋನ್ ಹಾಕಿದೆ. ಬರೀ ಗರಗರ. ಮತ್ತೆ ಕೇಳಿದೆ, "ಚಿನ್ನ" ಅಂದ ಹಾಗಾಯಿತು. ಇನ್ನೊಮ್ಮೆ ಕೇಳಿದರೆ "ಚಿನ್ನ ಬಾವಿಯಲ್ಲಿ ಉಂಟು" ಎಂದು ಕಾಗದದಲ್ಲಿದ್ದದ್ದೆಲ್ಲ ಸ್ಪಷ್ಟ! ಹೌದೆಂದು ಸಹಿ ಹಾಕಿ ಕೊಟ್ಟೆ.

ಮರುದಿನ ಅವರದೇ ಫೋನು. "ಬೇಜಾರು ಮಾಡಬೇಡಿ ಮೇಡಂ, ಪೆನ್‌ಡ್ರೈವ್ ಬದಲಾಗಿದೆ. ಅದು ನಮ್ಮ ಕ್ವಾರ್ಟರ್ಸಿನ ಹಾಳಾದ ಪಂಪಿನ ಸದ್ದು. ರಿಪೇರಿಯವನಿಗೆ ಕೇಳಿಸಲಿಕ್ಕೆ ಮಾಡಿದ್ದು."

ಮೊದಲು ಓದಿದ್ದನ್ನೇ ಕಿವಿ ಕೇಳುತ್ತದೆ, ಹುಷಾರು, ಎಂದು ಪ್ರತಿವರ್ಷ ಪಾಠ ಮಾಡುವವಳು ನಾನೇ! ಅವರೇ ಸಮಾಧಾನ ಮಾಡಿದರು: "ಪರವಾಗಿಲ್ಲ ಮೇಡಂ. ನಮಗೆ ಕಳ್ಳರ ಬಾಯಿ ಬಿಡಿಸುವುದೇ ಕಷ್ಟ. ನೀವು ಪಂಪಿನ ಬಾಯಿಯನ್ನೇ ಬಿಡಿಸಿದಿರಲ್ಲ!"

ಕೋಪ ಬಾರದ ಕೋಣೆ

ಅದೇ ಎಸ್‌ಐ ಆಮೇಲೆ ಕಾಪು ಕಡೆಗೆ ವರ್ಗವಾಗಿ ಬಂದರು. ಈ ಸಲ ತಂದದ್ದು ಟ್ರಾಫಿಕ್ ಪೊಲೀಸರೊಬ್ಬರ ಎದೆಯ ಮೇಲಿದ್ದ ಕ್ಯಾಮರಾದ ರೆಕಾರ್ಡಿಂಗ್. ಮೀನು ಮಾರ್ಕೆಟಿನ ಹತ್ತಿರ ಸ್ಕೂಟರು ನಿಲ್ಲಿಸುವ ಗಲಾಟೆ. ಜನರ ಗುಂಪಿನಲ್ಲಿ ಆ ಪೊಲೀಸರಿಗೂ ಮುಖ ಸರಿಯಾಗಿ ಕಂಡಿರಲಿಲ್ಲ, ಕೇಳುವುದು ಒಂದು ಹೆಂಗಸಿನ ಸ್ವರ ಮಾತ್ರ: "ಮಾರ್ಗ ಎಂತ ನಿಮ್ಮ ಅಜ್ಜನದ್ದಾ? ಆ ಟೊಪ್ಪಿ ತೆಗೆದು ಮೀನಿನ ಬುಟ್ಟಿಗೆ ಹಾಕ್ತೇನೆ ನೋಡಿ!"

ಬುಟ್ಟಿ ಎಂದ ಮೇಲೆ ಮೀನಿನವಳೇ ಎಂದು, ಅಲ್ಲೇ ಮೀನು ಮಾರಲು ಕೂತಿದ್ದ ಹೆಜಮಾಡಿಯ ಒಬ್ಬ ಅಕ್ಕನನ್ನು ಹಿಡಿದಿದ್ದರು. ಸ್ವರ ಹೋಲಿಸಲಿಕ್ಕೆಂದು ಕಾನ್‌ಸ್ಟೇಬಲ್ ಜೊತೆ ನನ್ನ ಲ್ಯಾಬಿಗೆ ಬಂದ ಅಕ್ಕ ಕಣ್ಣು ತುಂಬಿಕೊಂಡು ಹೇಳಿದರು, "ನನ್ನ ಬಾಯಿ ದೊಡ್ಡದು, ಒಪ್ತೇನೆ ಅಮ್ಮ. ಆದರೆ ಇದು ನಾನಲ್ಲ. ಕೇಸ್ ಆದರೆ ಮಾರ್ಕೆಟಿನಲ್ಲಿ ನಾನು ಕೂರುವ ಜಾಗ ಹೋಗ್ತದೆ."

"ಅದೇ ಮಾತನ್ನು ಕೋಪದಲ್ಲಿ ಹೇಳಿ ಅಕ್ಕ," ಎಂದೆ. ಅವರು ಭಜನೆ ಹೇಳುವವರ ಹಾಗೆ ಮೆಲ್ಲಗೆ ಹೇಳಿದರು. "ಏಸಿಯಲ್ಲಿ ಕೋಪ ಬರುವುದಿಲ್ಲ ಅಮ್ಮ."

"ನಿಮ್ಮ ಮೀನು ಹಳತು," ಎಂದು ಕೆಣಕಿದೆ. ಅಬ್ಬ, ಬಂತು ನೋಡಿ! ನನ್ನ ಏಳು ತಲೆಮಾರನ್ನೂ ತೊಳೆದಿಟ್ಟರು. ಬೇಕಾದ ಮಾತೊಂದನ್ನು ಬಿಟ್ಟು ಬೇರೆಲ್ಲ ಹೇಳಿದರು.

ಕೊನೆಗೆ ಹೀಗೆ ಹೇಳಬೇಕು ಎಂದು ನಾನೇ ಗಂಟಲು ಹರಿಯುವಂತೆ ಕೂಗಿ ತೋರಿಸಿದೆ. ಹೊರಗಿದ್ದ ಕಾನ್‌ಸ್ಟೇಬಲ್ ಬಾಗಿಲು ದೂಡಿ ಓಡಿ ಬಂದರು. "ಅದೇ ಸ್ವರ ಮೇಡಂ! ಡಿಟ್ಟೋ! ನಿಮ್ಮದು ಭಾರೀ ಕಲೆ ಮಾರಾಯ್ರೆ."

ನಾನು ಹೆಮ್ಮೆಯಿಂದ ಥ್ಯಾಂಕ್ಸ್ ಹೇಳಿದೆ.

ನಾಯಿ ಯಾರು

ಅಕ್ಕ ಬೈದದ್ದೂ ರೆಕಾರ್ಡ್ ಆಗಿತ್ತಲ್ಲ, ಅದನ್ನಿಟ್ಟುಕೊಂಡೇ ವರದಿ ಬರೆಯತೊಡಗಿದೆ: "ಮಧ್ಯವಯಸ್ಸಿನ ಹೆಂಗಸು. ಮನೆಮಾತು ತುಳು. ಜಗಳದಲ್ಲಿ ಒಳ್ಳೆಯ ಅಭ್ಯಾಸ ಇದ್ದಂತಿದೆ. ಮೀನು ಮಾರುವ ಈ ಹೆಂಗಸಿನ ಸ್ವರವನ್ನು ಹೋಲುತ್ತದೆ. ನಡುವೆ ಒಂದು ಅಡ್ಡ ಸದ್ದು, ಬಹುಶಃ ನಾಯಿಯದ್ದು."

ಸಹಿ ಒಂದು ಬಾಕಿ. ಅದು ಬಿದ್ದರೆ ಅಕ್ಕನ ಜಾಗ ಹೋದಂತೆಯೇ. ಕಡೆಯ ಸಲ ಕೇಳುವ ಎಂದರೆ ಹೆಡ್‌ಫೋನ್ ಕೈಕೊಟ್ಟಿತು. ಕಡಿಯಾಳಿಯ ನಮ್ಮ ಮನೆಯಲ್ಲಿ ಹಾಗೇ ಜೋರಾಗಿ ಹಾಕಿದೆ. ತಪ್ಪೇ, ಮನೆಯಲ್ಲಿ ಹಾಕಬಾರದಿತ್ತು.

ಅಡುಗೆಮನೆಯಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದ ಅತ್ತೆ ಕತ್ತಿ ಬಿಟ್ಟು ಬಂದರು. "ಇದನ್ನು ಎಂತಕ್ಕೆ ರೆಕಾರ್ಡ್ ಮಾಡಿಟ್ಟದ್ದು? ಇದು ನೀನು ಕಾಪುವಿನಲ್ಲಿ ಪೊಲೀಸರಿಗೆ ಬೈದದ್ದಲ್ವಾ?"

"ಎಂತ ಹೇಳ್ತೀರಿ ಅತ್ತೆ! ನಾನು ಯಾವಾಗ?"

"ಆದಿತ್ಯವಾರ ಮೀನಿಗೆ ಹೋದಾಗ. ನಾನು ಸ್ಕೂಟರಿನ ಹಿಂದೆ ಕೂತಿರಲಿಲ್ವಾ? ನಾಚಿಕೆಯಾಗಿ ಸೆರಗಲ್ಲಿ ಮುಖ ಮುಚ್ಚಿಕೊಂಡೆ. ಕೋಪದಲ್ಲಿ ಹೇಳಿದ್ದು ನಿನಗೆ ಯಾವತ್ತು ನೆನಪಿರ್ತದೆ?"

ತನ್ನ ಸ್ವರ ಹೊರಗಿನಿಂದ ಬಂದರೆ ತನಗೇ ಗುರುತಾಗುವುದಿಲ್ಲ. ಇದೂ ನನ್ನದೇ ಪಾಠ, ಕರ್ಮ! ಪಾಪದ ಹೆಂಗಸಿನ ತಲೆಗೆ ನನ್ನ ಬಾಯಿಯನ್ನು ಕಟ್ಟಲಿಕ್ಕೆ ಹೊರಟಿದ್ದೆನಲ್ಲ!

ಅಷ್ಟರಲ್ಲಿ ಅತ್ತೆ ಕಂಪ್ಯೂಟರಿಗೆ ಕಿವಿ ಕೊಟ್ಟು, "ಹಾಂ, ಇಲ್ಲಿ ಕೆಮ್ಮಿದ್ದು ನಾನು. ಸಾಕು, ಹೋಗುವ ಅಂತ," ಎಂದರು. ವರದಿಯಲ್ಲಿ ನಾಯಿ ಎಂದಿದ್ದ ಸಾಲನ್ನು ಕೈಯಿಂದ ಮುಚ್ಚಿದೆ. ಅವರ ಕಣ್ಣು ಇನ್ನೂ ಚುರುಕು. ಓದಿದರು. ಆ ರಾತ್ರಿ ಬಂಗುಡೆ ಸಾರು ಅವರಿಗೆ ಮಾತ್ರ.

ಮರುದಿನ ಹೋಗಿ ಎಸ್‌ಐ ಎದುರು ತಲೆ ತಗ್ಗಿಸಿ ಎಲ್ಲ ಹೇಳಿ, ಬರೆದೂ ಕೊಟ್ಟೆ. ಅವರು ತುಂಬಾ ಹೊತ್ತು ನಗು ತಡೆದುಕೊಂಡು, "ಪಂಪೇ ವಾಸಿ ಮೇಡಂ," ಎಂದರು. ಅಕ್ಕನ ಮೇಲಿನ ಕೇಸ್ ಬಿಟ್ಟರು, ನನಗೆ ದಂಡ, ಮತ್ತೊಂದು ಎಚ್ಚರಿಕೆ.

ಅಲ್ಲಿಂದ ನೇರ ಮಾರ್ಕೆಟಿಗೆ ಹೋಗಿ, ಅಕ್ಕನ ಬುಟ್ಟಿಯ ಎದುರು ಕೈಮುಗಿದು, ನಡೆದದ್ದೆಲ್ಲ ಹೇಳಿ, ತಪ್ಪಾಯಿತು ಎಂದೆ.

ಅವರು ಮೀನಿಗೆ ನೀರು ಚಿಮುಕಿಸುತ್ತಾ ಹೇಳಿದರು: "ಪೊಲೀಸರಿಗೆ ಬೈದದ್ದು ನೀವೇ ಅಂತ ಬರೆದು ಕೊಟ್ಟಾಯ್ತಲ್ವಾ? ಅದು ಬಿಡಿ, ಯಾರಾದರೂ ಬೈತಾರೆ. ನನ್ನ ಮೀನು ಹಳತಲ್ಲ ಅಂತ ಮೊದಲು ಬರೆದು ಸಹಿ ಹಾಕಿ!"